ಸ್ಲೋಪ್ ಇದೆ, ಬಿಂದು ಇದೆ, ರೇಖೆಯ ಸಮೀಕರಣ ಮಾತ್ರ ಸರಿ ಬರ್ತಿಲ್ಲ: ತಪ್ಪು ಹುಡುಕುವ ಕೈಪಿಡಿ

ಸ್ಲೋಪ್ ಕೊಟ್ಟಿದ್ದಾರೆ, ಒಂದು ಬಿಂದು ಕೊಟ್ಟಿದ್ದಾರೆ, ಸೂತ್ರ ಬಾಯಲ್ಲೇ ಇದೆ. ಆದರೂ ಬಂದ ಉತ್ತರ ಪುಸ್ತಕದ ಹಿಂದಿರುವ ಉತ್ತರಕ್ಕೆ ತಾಳೆಯಾಗುವುದಿಲ್ಲ. ಕೋಲಾರದಲ್ಲಿ ನಾನು ಸಂಜೆ ಹೊತ್ತು ಪಾಠ ಹೇಳುವ ಪಿಯುಸಿ ಮಕ್ಕಳು ಆಗ ಮಾಡುವುದು ಒಂದೇ ಕೆಲಸ. ಪೂರ್ತಿ ಅಳಿಸಿ ಮೊದಲಿಂದ ಮಾಡುತ್ತಾರೆ. ಅದೇ ಕೈ, ಅದೇ ಅಭ್ಯಾಸ, ಹಾಗಾಗಿ ಅದೇ ತಪ್ಪು ಮತ್ತೆ ಬರುತ್ತದೆ.

ಅಳಿಸಬೇಡಿ. ತಪ್ಪು ಉತ್ತರದಲ್ಲೇ ತಪ್ಪಿನ ಗುರುತು ಇರುತ್ತದೆ. ಅದನ್ನು ಓದಲು ಬಂದರೆ ಯಾವ ಸಾಲಿನಲ್ಲಿ ಕೈ ಜಾರಿದೆ ಅನ್ನುವುದು ಒಂದೆರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಸೂತ್ರ ಇದು:

ವೈ − ವೈ₁ = ಎಂ (ಎಕ್ಸ್ − ಎಕ್ಸ್₁)

ಎಂ ಅಂದರೆ ಸ್ಲೋಪ್, ಅಂದರೆ ಇಳಿಜಾರು. (ಎಕ್ಸ್₁, ವೈ₁) ಅಂದರೆ ಕೊಟ್ಟಿರುವ ಬಿಂದು. ಹತ್ತನೇ ತರಗತಿಯಲ್ಲಿ ದೂರ ಸೂತ್ರ, ಭಾಗ ಪ್ರಮಾಣ ಸೂತ್ರ ನೋಡಿರುತ್ತೀರಿ. ಪ್ರಥಮ ಪಿಯುಸಿಯಲ್ಲಿ ಸ್ಲೋಪ್ ಬಂದು ಕೂತಾಗ ಹೊಸದು ಅನಿಸುವುದು ಸಹಜ. ಕನ್ನಡ ಮಾಧ್ಯಮದಿಂದ ಬಂದು ಸೈನ್ಸ್ ತೆಗೆದುಕೊಂಡವರಿಗೆ ಪಾಠದ ಭಾಷೆಯೂ ಹೊಸದು. ಆದರೆ ಇಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಹೊಸ ಪಾಠದ್ದಲ್ಲ. ಮೈನಸ್, ಬ್ರಾಕೆಟ್, ಭಿನ್ನರಾಶಿ, ಅಷ್ಟೇ.

ಈ ಕೈಪಿಡಿಯುದ್ದಕ್ಕೂ ಎರಡು ಪರೀಕ್ಷೆ ಬಳಸುತ್ತೇವೆ. ಒಂದು ಬಿಂದು ಪರೀಕ್ಷೆ: ಕೊಟ್ಟಿರುವ ಬಿಂದುವನ್ನು ನಿಮ್ಮ ಉತ್ತರದಲ್ಲಿ ಹಾಕಿ, ಎರಡೂ ಕಡೆ ಸಮ ಬರುತ್ತಾ ನೋಡಿ. ಇನ್ನೊಂದು ಸ್ಲೋಪ್ ಪರೀಕ್ಷೆ: ಎಕ್ಸ್‌ಗೆ 0 ಹಾಕಿ ವೈ ಬೆಲೆ ನೋಡಿ, ಆಮೇಲೆ 1 ಹಾಕಿ ನೋಡಿ. ವೈ ಎಷ್ಟು ಬದಲಾಯಿತೋ ಅದೇ ನಿಮ್ಮ ರೇಖೆಯ ಸ್ಲೋಪ್. ಒಂದು ಬಿಂದುವಿನ ಮೂಲಕ ಒಂದು ಸ್ಲೋಪ್ ಇಟ್ಟುಕೊಂಡು ಹೋಗುವ ರೇಖೆ ಒಂದೇ ಒಂದು. ಆದ್ದರಿಂದ ಎರಡೂ ಪರೀಕ್ಷೆ ಪಾಸಾದರೆ ನಿಮ್ಮ ಉತ್ತರ ಸರಿ, ಪುಸ್ತಕ ಏನೇ ಹೇಳಲಿ.

ಉತ್ತರ ಬೇರೆ ಥರ ಕಾಣ್ತಿದೆ

ಮೊದಲು ನೋಡಬೇಕಾದದ್ದು ಇದನ್ನೇ, ಯಾಕಂದ್ರೆ ಇಲ್ಲಿ ತಪ್ಪೇ ಇಲ್ಲದಿರಬಹುದು. ಸ್ಲೋಪ್ 2, ಬಿಂದು (−3, 4) ಅಂತ ಇಟ್ಟುಕೊಳ್ಳಿ. ಪುಸ್ತಕದಲ್ಲಿ 2ಎಕ್ಸ್ − ವೈ + 10 = 0 ಅಂತಿದೆ. ನಿಮಗೆ ವೈ = 2ಎಕ್ಸ್ + 10 ಬಂದಿದೆ. ಪಕ್ಕದವರಿಗೆ ವೈ − 2ಎಕ್ಸ್ = 10 ಬಂದಿದೆ. ಇನ್ನೊಬ್ಬರದು 4ಎಕ್ಸ್ − 2ವೈ + 20 = 0. ಎಲ್ಲವೂ ಒಂದೇ ರೇಖೆ.

ಎಲ್ಲಾ ಪದಗಳನ್ನು ಒಂದೇ ಕಡೆ ತನ್ನಿ, ಪುಸ್ತಕದ ಸಾಲಿನ ಕೆಳಗೆ ನಿಮ್ಮ ಸಾಲು ಬರೆಯಿರಿ. ಎಕ್ಸ್‌ನ ಸಂಖ್ಯೆ, ವೈನ ಸಂಖ್ಯೆ, ಬಿಡಿ ಸಂಖ್ಯೆ, ಮೂರೂ ಒಂದೇ ಸಂಖ್ಯೆಯಿಂದ ಗುಣಿಸಿದಂತೆ ಇದ್ದರೆ ತಾಳೆಯಾಯಿತು. ಎಲ್ಲಾ ಚಿಹ್ನೆ ಉಲ್ಟಾ ಇದ್ದರೂ ಪರವಾಗಿಲ್ಲ, −1ರಿಂದ ಗುಣಿಸಿದ್ದು ಅಷ್ಟೇ. ಮೂರರಲ್ಲಿ ಎರಡಕ್ಕೆ ಮಾತ್ರ ಚಿಹ್ನೆ ಬದಲಾಗಿದ್ದರೆ ಅದು ನಿಜವಾದ ತಪ್ಪು, ಮುಂದಕ್ಕೆ ಓದಿ. ಸರಿಯಾದ ಉತ್ತರವನ್ನು ಹೊಡೆದು ಹಾಕಿ ಅಳುವ ಮಕ್ಕಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅರ್ಧ ನಿಮಿಷದ ಈ ಹೋಲಿಕೆಯನ್ನು ಯಾವತ್ತೂ ಬಿಡಬೇಡಿ.

ಬಿಂದು ಹಾಕಿದರೆ ಎರಡು ಕಡೆ ಸಮ ಬರ್ತಿಲ್ಲ

ಹೆಚ್ಚಿನ ತಪ್ಪುಗಳು ಸಿಕ್ಕಿ ಬೀಳುವುದು ಇಲ್ಲೇ. ಸಮ ಬರಲಿಲ್ಲ ಅಂತ ಗೊತ್ತಾದರೆ ಸಾಲದು. ಎಷ್ಟು ವ್ಯತ್ಯಾಸ ಬಂತು ಅಂತ ಬರೆದುಕೊಳ್ಳಿ. ಆ ಸಂಖ್ಯೆಯೇ ತಪ್ಪಿನ ಜಾಗ ತೋರಿಸುತ್ತದೆ.

ಅದೇ ಲೆಕ್ಕ, ಸ್ಲೋಪ್ 2, ಬಿಂದು (−3, 4). ಎಕ್ಸ್‌ಗೆ −3 ಹಾಕಿದರೆ ವೈ 4 ಬರಬೇಕು.

ನಿಮ್ಮ ಉತ್ತರ ವೈ = 2ಎಕ್ಸ್ − 2 ಅನ್ನಿ. −3 ಹಾಕಿದರೆ −8 ಬರುತ್ತದೆ. 4 ಬರಬೇಕಿತ್ತು, ವ್ಯತ್ಯಾಸ 12. ಈಗ ಕೊಟ್ಟಿರುವ ಸಂಖ್ಯೆಗಳನ್ನು ನೋಡಿ. ಸ್ಲೋಪ್ 2, ಚಿಹ್ನೆ ಬಿಟ್ಟರೆ ಎಕ್ಸ್₁ 3, ಗುಣಿಸಿದರೆ 6, ಅದರ ಎರಡರಷ್ಟು 12. ಸ್ಲೋಪ್ ಮತ್ತು ಎಕ್ಸ್₁ರ ಗುಣಲಬ್ಧದ ಎರಡರಷ್ಟು ವ್ಯತ್ಯಾಸ ಬಂದರೆ, ಎಕ್ಸ್₁ರ ಚಿಹ್ನೆ ತಪ್ಪಿದೆ ಅಂತ ಅರ್ಥ. (ಎಕ್ಸ್ + 3) ಬರೆಯುವ ಕಡೆ (ಎಕ್ಸ್ − 3) ಬರೆದಿದ್ದೀರಿ. ಎರಡರಷ್ಟು ಯಾಕೆ? 6 ಕೂಡಿಸಬೇಕಾದ ಜಾಗದಲ್ಲಿ 6 ಕಳೆದಿದ್ದೀರಿ, ಒಟ್ಟು 12 ಹಿಂದೆ ಬಿದ್ದಿರಿ.

ವ್ಯತ್ಯಾಸ 8 ಬಂದರೆ? ಅದು ವೈ₁ ಆಗಿರುವ 4ರ ಎರಡರಷ್ಟು. ವೈ − 4 ಬದಲು ವೈ + 4 ಬರೆದಿರುತ್ತೀರಿ, ಇಲ್ಲವೇ ಸೂತ್ರ ಸರಿಯಾಗಿ ಬರೆದು 4ನ್ನು ಆ ಕಡೆ ಕಳಿಸುವಾಗ ಚಿಹ್ನೆ ಬದಲಾಯಿಸಲು ಮರೆತಿರುತ್ತೀರಿ. ಎರಡಕ್ಕೂ ಉತ್ತರ ವೈ = 2ಎಕ್ಸ್ + 2 ಅಂತಲೇ ಬರುತ್ತದೆ, ಹಾಗಾಗಿ ಎರಡೂ ಸಾಲು ನೋಡಬೇಕು. ವ್ಯತ್ಯಾಸ 20 ಬಂದರೆ ಅದು 12 ಮತ್ತು 8 ಸೇರಿದ್ದು, ಎರಡೂ ಕಡೆ ಚಿಹ್ನೆ ಕೆಟ್ಟಿದೆ.

ವ್ಯತ್ಯಾಸ ಬರೀ 3 ಬಂದರೆ ಬ್ರಾಕೆಟ್ ಬಿಡಿಸುವಾಗ ತಪ್ಪಿದೆ. 2(ಎಕ್ಸ್ + 3) ಅನ್ನು 2ಎಕ್ಸ್ + 3 ಮಾಡಿದ್ದೀರಿ. ಸ್ಲೋಪ್ ಎರಡನೇ ಪದದ ತನಕ ತಲುಪಲೇ ಇಲ್ಲ. ಉತ್ತರ ವೈ = 2ಎಕ್ಸ್ + 7 ಅಂತ ಬಂದಿರುತ್ತದೆ.

ವ್ಯತ್ಯಾಸ ಇದ್ಯಾವುದಕ್ಕೂ ಹೊಂದದೆ 21 ಅಂತ ದೊಡ್ಡದಾಗಿ ಬಂತು ಅನ್ನಿ. ಆಗ ಬಿಂದುವಿನ ಸಂಖ್ಯೆಗಳು ಅದಲು ಬದಲಾಗಿವೆಯಾ ನೋಡಿ. ಇದಕ್ಕೆ ಖಚಿತ ಪರೀಕ್ಷೆ ಇದೆ. (−3, 4) ಬದಲು (4, −3) ಹಾಕಿ. ವೈ = 2ಎಕ್ಸ್ − 11 ಎಂಬ ಉತ್ತರಕ್ಕೆ 4 ಹಾಕಿದರೆ −3 ಸರಿಯಾಗಿ ಬರುತ್ತದೆ. ಅಂದರೆ ನೀವು ಬೇರೆ ಬಿಂದುವಿನ ಮೂಲಕ ಹೋಗುವ ರೇಖೆಯನ್ನು ಸರಿಯಾಗಿಯೇ ಕಂಡುಹಿಡಿದಿದ್ದೀರಿ.

ಅದಲು ಬದಲು ಆಗುವುದಕ್ಕೆ ಕಾರಣ ಸೂತ್ರದಲ್ಲೇ ಇದೆ. ಬಿಂದುವಿನಲ್ಲಿ ಎಕ್ಸ್ ಮೊದಲು ಬರುತ್ತದೆ, ಸೂತ್ರದಲ್ಲಿ ವೈ ಮೊದಲು ಬರುತ್ತದೆ. ಅವಸರದಲ್ಲಿ ಮೊದಲ ಸಂಖ್ಯೆ ಮೊದಲ ಜಾಗಕ್ಕೆ ಹೋಗಿ ಕೂತುಬಿಡುತ್ತದೆ. ಪ್ರಶ್ನೆಪತ್ರಿಕೆಯಲ್ಲೇ ಬಿಂದುವಿನ ಎರಡು ಸಂಖ್ಯೆಗಳ ತಲೆ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಎಕ್ಸ್₁, ವೈ₁ ಅಂತ ಬರೆದುಕೊಳ್ಳಿ.

ಚಿಹ್ನೆ ತಪ್ಪಿಗೂ ಇಷ್ಟೇ ಸುಲಭದ ಮದ್ದಿದೆ. ಸೂತ್ರದ ಮೈನಸ್ ಅನ್ನು ಹಾಗೇ ಉಳಿಸಿ, ಸಂಖ್ಯೆಯನ್ನು ಅದರದೇ ಚಿಹ್ನೆಯ ಜೊತೆ ಬ್ರಾಕೆಟ್‌ನಲ್ಲಿ ಹಾಕಿ:

ವೈ − (4) = 2 (ಎಕ್ಸ್ − (−3))

ಮುಂದಿನ ಸಾಲಿನಲ್ಲಿ ಬಿಡಿಸಿ. ಈ ಸಾಲನ್ನು ಮನಸ್ಸಿನಲ್ಲೇ ಮಾಡಿ ಮುಗಿಸುವವರೇ ಜಾಸ್ತಿ ಎಡವುತ್ತಾರೆ. ಚೆನ್ನಾಗಿ ಓದುವ ಮಕ್ಕಳು ಕೂಡ.

ಬಿಂದು ಸರಿಯಾಗಿ ಕೂರುತ್ತೆ, ಆದರೂ ಉತ್ತರ ತಪ್ಪು

ಬಿಂದು ಪರೀಕ್ಷೆ ಪಾಸಾದ ಕೂಡಲೇ ಪುಸ್ತಕ ಮುಚ್ಚಬೇಡಿ. ಒಂದು ಬಿಂದುವಿನ ಮೂಲಕ ಎಷ್ಟು ಬೇಕಾದರೂ ರೇಖೆ ಎಳೆಯಬಹುದು, ಸ್ಲೋಪ್ ತಪ್ಪಿದ್ದರೂ ಬಿಂದು ಕೂರುತ್ತದೆ. ಈಗ ಸ್ಲೋಪ್ ಪರೀಕ್ಷೆ ಮಾಡಿ. ಪ್ರಶ್ನೆಯಲ್ಲಿ ಸ್ಲೋಪ್ ನೇರವಾಗಿ ಕೊಟ್ಟಿದ್ದರೆ ಇಲ್ಲಿ ತಪ್ಪುವುದು ಕಡಿಮೆ. ಅದನ್ನು ನೀವೇ ಕಂಡುಹಿಡಿಯಬೇಕಾಗಿದ್ದರೆ ಮೂಲವನ್ನು ಹಿಡಿದು ಹೋಗಿ.

ಇನ್ನೊಂದು ರೇಖೆಗೆ ಲಂಬವಾಗಿರುವ ರೇಖೆ ಕೇಳಿದ್ದಾರೆ ಅನ್ನಿ. 3ಎಕ್ಸ್ + 4ವೈ = 12 ಎಂಬ ರೇಖೆಗೆ ಲಂಬವಾಗಿ (3, 1) ಮೂಲಕ ಹೋಗುವ ರೇಖೆ. ಕೊಟ್ಟ ರೇಖೆಯ ಸ್ಲೋಪ್ −3/4. ಅದನ್ನು ತಲೆಕೆಳಗು ಮಾಡಿ ಚಿಹ್ನೆ ಬದಲಾಯಿಸಿದರೆ ನಮಗೆ ಬೇಕಾದ್ದು, 4/3. ಉತ್ತರ 4ಎಕ್ಸ್ − 3ವೈ − 9 = 0.

ನಿಮ್ಮ ಸ್ಲೋಪ್ ಅನ್ನು ಕೊಟ್ಟ ರೇಖೆಯ ಸ್ಲೋಪ್‌ನಿಂದ ಗುಣಿಸಿ. −1 ಬಂದರೆ ಸರಿ. +1 ಬಂದರೆ ತಲೆಕೆಳಗು ಮಾಡಿದ್ದೀರಿ, ಚಿಹ್ನೆ ಬದಲಾಯಿಸಿಲ್ಲ. −9/16 ಬಂದರೆ ಚಿಹ್ನೆ ಬದಲಾಯಿಸಿದ್ದೀರಿ, ತಲೆಕೆಳಗು ಮಾಡಿಲ್ಲ. +9/16 ಬಂದರೆ ಏನೂ ಮಾಡಿಲ್ಲ, ಸಮಾಂತರ ರೇಖೆ ಬರೆದಿದ್ದೀರಿ. ಆಗ ಉತ್ತರ 3ಎಕ್ಸ್ + 4ವೈ − 13 = 0 ಬಂದಿರುತ್ತದೆ, (3, 1) ಅದರಲ್ಲಿ ಸೊಗಸಾಗಿ ಕೂರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ.

ಕೊಟ್ಟ ರೇಖೆಯ ಸ್ಲೋಪ್ ಓದುವಾಗಲೇ ತಪ್ಪಿದ್ದರೆ ಈ ಗುಣಾಕಾರದಿಂದ ಗೊತ್ತಾಗುವುದಿಲ್ಲ. 3ಎಕ್ಸ್ ಅಂತ ಕಂಡ ಕೂಡಲೇ ಸ್ಲೋಪ್ 3 ಅಂತ ಬರೆಯುವುದುಂಟು. ವೈ ಒಂದೇ ಒಂದು ಕಡೆ, ಅದೂ ಸಂಖ್ಯೆಯಿಲ್ಲದೆ ನಿಂತ ಮೇಲಷ್ಟೇ ಎಕ್ಸ್‌ನ ಸಂಖ್ಯೆ ಸ್ಲೋಪ್ ಆಗುತ್ತದೆ.

ಎರಡು ಬಿಂದು ಕೊಟ್ಟಿದ್ದರೆ, ಉದಾಹರಣೆಗೆ (1, 2) ಮತ್ತು (3, 8), ಮೇಲೂ ಕೆಳಗೂ ಒಂದೇ ಕ್ರಮದಲ್ಲಿ ಕಳೆಯಿರಿ. ಮೇಲೆ 8 − 2 ಆದರೆ ಕೆಳಗೆ 3 − 1. ಸ್ಲೋಪ್ 3. ಕ್ರಮ ತಪ್ಪಿದರೆ −3 ಬರುತ್ತದೆ, ಮೇಲಿನದು ಕೆಳಗೆ ಹೋದರೆ 1/3 ಬರುತ್ತದೆ. ಇಲ್ಲಿ ಇನ್ನೊಂದು ಬಿಂದು ಕೈಯಲ್ಲೇ ಇದೆ, ಅದನ್ನೂ ಹಾಕಿ ನೋಡಿ.

ಕೋನ ಕೊಟ್ಟಿದ್ದರೆ ಸ್ಲೋಪ್ ಅಂದರೆ ಆ ಕೋನದ ಟ್ಯಾನ್. 60° ಅಂತ ಇದ್ದರೆ ಸ್ಲೋಪ್ √3, 120° ಇದ್ದರೆ −√3. ಮನೆಯಲ್ಲಿ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ತಾಳೆ ನೋಡುವಾಗ ಟ್ಯಾನ್ 60ಕ್ಕೆ 0.32 ಬಂದರೆ ಗಾಬರಿ ಬೇಡ. ಅದು ಡಿಗ್ರಿ ಬದಲು ರೇಡಿಯನ್‌ನಲ್ಲಿದೆ. ಮೊದಲು ಟ್ಯಾನ್ 45 ಒತ್ತಿ ನೋಡಿ, 1 ಬರಬೇಕು. ಕೋನ ಯಾವ ಅಕ್ಷದಿಂದ ಅಳೆದಿದ್ದು ಅನ್ನುವುದನ್ನೂ ಓದಿ. ವೈ ಅಕ್ಷದ ಜೊತೆ 30° ಅಂದರೆ ಎಕ್ಸ್ ಅಕ್ಷದ ಜೊತೆ 30° ಅಲ್ಲ.

ಭಿನ್ನರಾಶಿ ಬಂದ ಮೇಲೆ ಎಲ್ಲಾ ಎಡವಟ್ಟು

ಸ್ಲೋಪ್ −2/3, ಬಿಂದು (6, −1). ಮೊದಲ ಸಾಲು ವೈ + 1 = −2/3 (ಎಕ್ಸ್ − 6). ಎರಡೂ ಕಡೆ 3ರಿಂದ ಗುಣಿಸಿದರೆ 3(ವೈ + 1) = −2(ಎಕ್ಸ್ − 6). ಬ್ರಾಕೆಟ್ ಬಿಡಿಸಿದರೆ 3ವೈ + 3 = −2ಎಕ್ಸ್ + 12. ಕೊನೆಗೆ 2ಎಕ್ಸ್ + 3ವೈ − 9 = 0.

ಬಿಂದು ಹಾಕಿದಾಗ 0 ಬದಲು −2 ಉಳಿದರೆ, ಎಡಗಡೆ 3 ಅನ್ನುವುದು ವೈಗೆ ಮಾತ್ರ ತಾಗಿದೆ, ಪಕ್ಕದ 1ಕ್ಕೆ ತಾಗಿಲ್ಲ. 24 ಉಳಿದರೆ −2 ಮತ್ತು −6 ಗುಣಿಸಿ ಬರುವ +12 ಜಾಗದಲ್ಲಿ −12 ಬರೆದಿದ್ದೀರಿ. ಛೇದವನ್ನು ಮೊದಲೇ ತೆಗೆದುಬಿಡಿ, ಆಮೇಲೆ ಬ್ರಾಕೆಟ್ ಬಿಡಿಸಿ. ಎರಡನ್ನೂ ಒಂದೇ ಸಾಲಿನಲ್ಲಿ ಮಾಡಬೇಡಿ.

ಕೊನೆಗೆ 0 = 0 ಅಂತ ಬಂತು

ಚಿಕ್ಕ 1 ಇಲ್ಲದ ಎಕ್ಸ್, ವೈ ಜಾಗಕ್ಕೂ ಬಿಂದುವಿನ ಸಂಖ್ಯೆ ಹಾಕಿದ್ದೀರಿ. ಅವು ರೇಖೆಯ ಮೇಲಿನ ಯಾವುದೇ ಬಿಂದುವಿಗೆ ನಿಲ್ಲುವ ಅಕ್ಷರಗಳು, ಕೊನೆಯ ತನಕ ಹಾಗೇ ಇರಬೇಕು.

ಕೆಳಗೆ ಸೊನ್ನೆ ಬರ್ತಿದೆ, ಕ್ಯಾಲ್ಕುಲೇಟರ್ ಎರರ್ ತೋರಿಸ್ತಿದೆ

ಇಲ್ಲಿ ರಿಪೇರಿ ಮಾಡಲು ಹೋಗಬೇಡಿ. ವೈ ಅಕ್ಷಕ್ಕೆ ಸಮಾಂತರವಾಗಿ ನೇರ ಮೇಲೆ ನಿಂತ ರೇಖೆಗೆ ಸ್ಲೋಪ್ ಎಂಬ ಸಂಖ್ಯೆಯೇ ಇಲ್ಲ, ಆದ್ದರಿಂದ ಈ ಸೂತ್ರ ಅಲ್ಲಿ ನಡೆಯುವುದಿಲ್ಲ. (5, −2) ಮೂಲಕ ಹೋಗುವ ಅಂಥ ರೇಖೆ ಎಕ್ಸ್ = 5. ಮುಗಿಯಿತು. ಸ್ಲೋಪ್ 0 ಅಂತ ಕೊಟ್ಟಿದ್ದರೆ ಕತೆ ಬೇರೆ. ಅದು ಮಲಗಿದ ರೇಖೆ, ಸೂತ್ರ ನಡೆಯುತ್ತದೆ, ಉತ್ತರ ವೈ = −2. ಇವೆರಡನ್ನು ಅದಲು ಬದಲು ಮಾಡಿದ್ದೀರಾ ಅಂತ ತಿಳಿಯಲು ಸ್ಕೆಚ್ ಒಂದೇ ಸಾಕು.

ಗ್ರಾಫ್‌ನಲ್ಲಿ ರೇಖೆ ಬೇರೆ ಕಡೆ ಹೋಗ್ತಿದೆ

ಎಡದಿಂದ ಬಲಕ್ಕೆ ಹೋಗುತ್ತಾ ರೇಖೆ ಏರಿದರೆ ಸ್ಲೋಪ್ ಪ್ಲಸ್, ಇಳಿದರೆ ಮೈನಸ್. ಇದು ತಪ್ಪಿದ್ದರೆ ಚಿಹ್ನೆ ಕೆಟ್ಟಿದೆ. ಏರಿಳಿತ ಸರಿ ಇದ್ದು ಓರೆ ಮಾತ್ರ ಬೇರೆ ಕಂಡರೆ ಮೊದಲು ಸ್ಕೇಲ್ ನೋಡಿ. ಎಕ್ಸ್ ಅಕ್ಷದಲ್ಲಿ 1 ಸೆಂ.ಮೀ.ಗೆ 1, ವೈ ಅಕ್ಷದಲ್ಲಿ 1 ಸೆಂ.ಮೀ.ಗೆ 5 ಅಂತ ತೆಗೆದುಕೊಂಡಿದ್ದರೆ ಸ್ಲೋಪ್ 1 ಇರುವ ರೇಖೆ 45° ಕಾಣುವುದಿಲ್ಲ, ಲಂಬ ರೇಖೆಗಳು ಲಂಬವಾಗಿ ಕಾಣುವುದಿಲ್ಲ. ಅದು ನಿಮ್ಮ ತಪ್ಪಲ್ಲ.

ಮಾತಿನ ಲೆಕ್ಕದಲ್ಲಿ ಉತ್ತರ ನಂಬೋ ಹಾಗೆ ಇಲ್ಲ

ನಮ್ಮ ಕಡೆಯ ಲೆಕ್ಕವೇ ತೆಗೆದುಕೊಳ್ಳೋಣ. ಕೋಲಾರದ ಎಪಿಎಂಸಿಗೆ ಟೊಮೆಟೊ ತುಂಬಿಕೊಂಡು ಒಂದು ಪಿಕಪ್ ಗಾಡಿ ಬರುತ್ತದೆ. ಕ್ರೇಟ್ ಸೇರಿ ಒಂದು ಬಾಕ್ಸ್ 16 ಕೆಜಿ ಅಂದುಕೊಳ್ಳಿ. 50 ಬಾಕ್ಸ್ ಇದ್ದಾಗ ವೇ ಬ್ರಿಡ್ಜ್‌ನಲ್ಲಿ ಗಾಡಿ ಸಮೇತ 2,100 ಕೆಜಿ ತೋರಿಸಿತು. ಬಾಕ್ಸ್ ಎಷ್ಟಿದ್ದರೆ ತೂಕ ಎಷ್ಟು ಅನ್ನುವುದಕ್ಕೆ ಸಮೀಕರಣ ಬೇಕು.

ಎಕ್ಸ್ ಬಾಕ್ಸ್‌ಗಳು, ವೈ ಒಟ್ಟು ತೂಕ. ಸ್ಲೋಪ್ 16, ಬಿಂದು (50, 2100).

ವೈ − 2100 = 16 (ಎಕ್ಸ್ − 50)
ವೈ = 16ಎಕ್ಸ್ + 1300

ಎಕ್ಸ್‌ಗೆ 0 ಹಾಕಿದರೆ 1,300 ಕೆಜಿ, ಅದು ಖಾಲಿ ಗಾಡಿಯ ತೂಕ. ನಂಬುವಂತಿದೆ ಅಲ್ವಾ? ಈಗ ಚಿಹ್ನೆ ತಪ್ಪಿ 16ಎಕ್ಸ್ + 2900 ಬಂದಿತ್ತು ಅನ್ನಿ. ಖಾಲಿ ಗಾಡಿ 2,900 ಕೆಜಿ, 50 ಬಾಕ್ಸ್ ಹೇರಿದ ಗಾಡಿ 2,100 ಕೆಜಿ! 16ಎಕ್ಸ್ − 2900 ಬಂದರೆ ಖಾಲಿ ಗಾಡಿಯ ತೂಕ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸ್ಲೋಪ್ ತಲೆಕೆಳಗಾಗಿ 1/16 ಆದರೆ ಒಂದು ಬಾಕ್ಸ್ ಟೊಮೆಟೊ ಇಳಿಸಿದಾಗ ಗಾಡಿ ಹಗುರಾಗುವುದು 62.5 ಗ್ರಾಂ ಮಾತ್ರ. ಹಮಾಲಿ ಮಾಡುವವರು ಯಾರೂ ಇದನ್ನು ಒಪ್ಪುವುದಿಲ್ಲ. ಮಾತಿನ ಲೆಕ್ಕದಲ್ಲಿ ಸ್ಲೋಪ್‌ಗೆ ಯಾವಾಗಲೂ ಅಳತೆ ಸೇರಿಸಿ ಬರೆಯಿರಿ, ಇಲ್ಲಿ "ಒಂದು ಬಾಕ್ಸ್‌ಗೆ 16 ಕೆಜಿ". ಆಗ ತಲೆಕೆಳಗು ಆಗುವುದೇ ಇಲ್ಲ.

ಒಂದು ಎಚ್ಚರಿಕೆ. ಸಮೀಕರಣಕ್ಕೆ 500 ಹಾಕಿದರೂ ಅದು 9,300 ಕೆಜಿ ಅಂತ ಉತ್ತರ ಕೊಡುತ್ತದೆ. ಪಿಕಪ್ ಗಾಡಿ ಅಷ್ಟು ಹೊರುವುದಿಲ್ಲ, ಹೊರಿಸಲೂಬಾರದು. ಸಮೀಕರಣ ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತದೆ ಅನ್ನುವುದನ್ನು ಲೆಕ್ಕ ಮಾಡುವವರೇ ನೋಡಿಕೊಳ್ಳಬೇಕು.

ಪರೀಕ್ಷಾ ಹಾಲ್‌ನಲ್ಲಿ ತಪ್ಪು ಗೊತ್ತಾದರೆ

ಪೂರ್ತಿ ಉತ್ತರ ಹೊಡೆದು ಹಾಕಬೇಡಿ. ಸೂತ್ರ ಮತ್ತು ಸಂಖ್ಯೆ ಹಾಕಿದ ಸಾಲಿಗೆ ಸ್ಟೆಪ್ ಮಾರ್ಕ್ಸ್ ಇರುತ್ತದೆ. ತಪ್ಪಿದ ಸಾಲಿನಿಂದ ಕೆಳಗಿನದನ್ನು ಮಾತ್ರ ಒಂದು ಗೆರೆ ಎಳೆದು, ಪಕ್ಕದಲ್ಲೋ ಕೆಳಗೋ ಮತ್ತೆ ಬರೆಯಿರಿ. ಮೈನಸ್ ಮೇಲೇ ಗೀಚಿ ಪ್ಲಸ್ ಮಾಡಬೇಡಿ, ಮೌಲ್ಯಮಾಪಕರಿಗೆ ಯಾವುದು ಅಂತ ಓದಲು ಆಗುವುದಿಲ್ಲ.

ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಕ್ಯಾಲ್ಕುಲೇಟರ್ ಇಲ್ಲ. ಅಲ್ಲಿ ಸಮೀಕರಣ ಕಂಡುಹಿಡಿಯುವುದಕ್ಕಿಂತ ನಾಲ್ಕು ಆಯ್ಕೆಗಳಿಗೂ ಬಿಂದು ಹಾಕಿ ನೋಡುವುದು ಬೇಗ ಆಗುತ್ತದೆ. ಎರಡು ಆಯ್ಕೆ ಉಳಿದರೆ ಸ್ಲೋಪ್ ನೋಡಿ. ಓಎಂಆರ್‌ನಲ್ಲಿ ಪೆನ್ನಿನಿಂದ ತುಂಬಿದ್ದನ್ನು ಮತ್ತೆ ಅಳಿಸಲಾಗದು, ಎರಡೂ ಪರೀಕ್ಷೆ ಮುಗಿಸಿ ಆಮೇಲೆ ತುಂಬಿ.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಒಂದೇ ಲೆಕ್ಕವನ್ನು ಎರಡು ಸಲ ನೋಡಿಯೂ ತಪ್ಪು ಸಿಗದಿದ್ದರೆ ಪೆನ್ನು ಕೆಳಗಿಡಿ. ಪಕ್ಕದವರಿಗೆ ಪ್ರಶ್ನೆಯನ್ನು ಜೋರಾಗಿ ಓದಲು ಹೇಳಿ. −3 ಇರುವ ಕಡೆ ನೀವು 3 ಅಂತ ಇಳಿಸಿಕೊಂಡಿರುವುದು ಆಗ ಕಿವಿಗೆ ಬೀಳುತ್ತದೆ.

ಎರಡೂ ಪರೀಕ್ಷೆ ಪಾಸಾಗಿ ಪುಸ್ತಕದ ಉತ್ತರವೇ ಬಿಂದು ಪರೀಕ್ಷೆಯಲ್ಲಿ ಫೇಲಾದರೆ ಅಚ್ಚಿನ ತಪ್ಪು. ಪ್ರಶ್ನೆಯಲ್ಲೇ ದೋಷ ಇರುವುದೂ ಉಂಟು. (1, 2), (3, 8) ಎರಡೂ ಬಿಂದು ಕೊಟ್ಟು ಸ್ಲೋಪ್ 2 ಅಂತಲೂ ಹೇಳಿದ್ದರೆ ಅಂಥ ರೇಖೆಯೇ ಇಲ್ಲ. ಅದನ್ನು ಸುಮ್ನೆ ಮಾಡುತ್ತಾ ಕೂರಬೇಡಿ, ಮೇಷ್ಟ್ರಿಗೆ ತೋರಿಸಿ.

ಐದಾರು ಬೇರೆ ಬೇರೆ ಲೆಕ್ಕದಲ್ಲೂ ವ್ಯತ್ಯಾಸ ಒಂದೇ ರೀತಿ ಬರುತ್ತಿದ್ದರೆ, ಪ್ರತಿ ಸಲವೂ ಬ್ರಾಕೆಟ್, ಪ್ರತಿ ಸಲವೂ ಮೈನಸ್, ಆಗ ತೊಂದರೆ ಸರಳ ರೇಖೆಯ ಪಾಠದಲ್ಲಿಲ್ಲ. ಪೂರ್ಣಾಂಕಗಳ ಲೆಕ್ಕ ಗಟ್ಟಿಯಾಗಬೇಕು. ಇದನ್ನು ಕೇಳಲು ನಾಚಿಕೆ ಬೇಡ, ಪಿಯುಸಿಗೆ ಬಂದ ಮೇಲೆ ಕೂತು ಸರಿ ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಕೇಳಲು ಹೋಗುವಾಗ ಚಂದವಾಗಿ ಬರೆದ ಫೇರ್ ನೋಟ್ಸ್ ಒಯ್ಯಬೇಡಿ. ಹೊಡೆದು ಹಾಕಿದ ಸಾಲುಗಳಿರುವ ರಫ್ ಹಾಳೆಯನ್ನೇ ಒಯ್ಯಿರಿ, ವ್ಯತ್ಯಾಸ ಎಷ್ಟು ಬಂತು ಅಂತ ಪಕ್ಕದಲ್ಲಿ ಬರೆದಿರಲಿ.